ನಾಯಿ ಹೆಲ್ಮೆಟ್ ಹಾಕಿಕೊಂಡ ದಿನ

ಹಿರಿಯರೇ, ಸಹೋದ್ಯೋಗಿಗಳೇ, ಭಾನುವಾರದ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿರುವ ತಾಯಂದಿರೇ,

ನನಗೆ ಕೊಟ್ಟದ್ದು ನಲವತ್ತು ನಿಮಿಷ. ಸ್ವಾಗತ, ಪರಿಚಯ, ಹೂಗುಚ್ಛಗಳಲ್ಲಿ ಹನ್ನೆರಡು ಹೋದವು. ಐದೂವರೆಗೆ ಇದೇ ವೇದಿಕೆಯಲ್ಲಿ ಯಕ್ಷಗಾನವಿದೆ. ಚೆಂಡೆ ಶುರುವಾದರೆ ನನ್ನ ಇಂಗ್ಲಿಷೂ ಕೇಳಿಸುವುದಿಲ್ಲ, ಕನ್ನಡವೂ ಕೇಳಿಸುವುದಿಲ್ಲ. ಒಂದು ಚಿತ್ರಪುಸ್ತಕ ಹಿಡಿದು ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಏಳು ಚಟುವಟಿಕೆಗಳನ್ನು ಬರೆದುಕೊಂಡು ಬಂದಿದ್ದೇನೆ. ಎಷ್ಟಾಗುತ್ತದೋ ನೋಡೋಣ.

ಈ ಪುಸ್ತಕ ನನಗೆ ಸಿಕ್ಕಿದ್ದು ಇಲ್ಲೇ ಮುಂಬಯಿಯ ಮಾಟುಂಗದಲ್ಲಿ, ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೆ ಪುಸ್ತಕದವರ ಬಳಿ. ಅಂಗಡಿಯವನು ಐವತ್ತು ರೂಪಾಯಿ ಎಂದ. ನಾನು ಪುಟ ತಿರುಗಿಸುತ್ತಿದ್ದಾಗ ಅವನೂ ಬಗ್ಗಿ ನೋಡಿದ. ಒಂದು ಅಕ್ಷರವೂ ಇಲ್ಲ. ‘ಮೇಡಂ, ಇದರಲ್ಲಿ ಛಾಪಿಸಿದ್ದೇ ತಪ್ಪಾಗಿದೆ, ಇಪ್ಪತ್ತು ಕೊಡಿ ಸಾಕು’ ಎಂದ. ನಾನು ಬಾಯಿ ಬಿಡದೆ ಇಪ್ಪತ್ತು ಕೊಟ್ಟು ಬಂದೆ. ನನ್ನ ಜೀವನದಲ್ಲಿ ಚೌಕಾಸಿ ಮಾಡದೆ ಬೆಲೆ ಇಳಿದದ್ದು ಅದೊಂದೇ ಸಲ.

ಮರ್ಸರ್ ಮೇಯರ್ ಎಂಬ ಅಮೆರಿಕದ ಚಿತ್ರಕಾರ 1969ರಲ್ಲಿ ಮಾಡಿದ ‘ಫ್ರಾಗ್, ವೇರ್ ಆರ್ ಯು?’ ಇದು. ಒಬ್ಬ ಹುಡುಗ, ಒಂದು ನಾಯಿ, ಗಾಜಿನ ಜಾಡಿಯಲ್ಲಿ ಒಂದು ಕಪ್ಪೆ. ರಾತ್ರಿ ಕಪ್ಪೆ ಓಡಿಹೋಗುತ್ತದೆ, ಬೆಳಿಗ್ಗೆ ಹುಡುಕಾಟ. ಅಷ್ಟೇ ಕತೆ. ಕತೆಯ ಪುಟಗಳಲ್ಲಿ ಅಕ್ಷರವೇ ಇಲ್ಲ.

ಇದನ್ನು ಹಿಡಿದುಕೊಂಡು ಶಾಲೆಗೆ ಹೋದಾಗ ಹಿರಿಯ ಶಿಕ್ಷಕರೊಬ್ಬರು ಕೇಳಿದರು: ‘ಅಕ್ಷರವೇ ಇಲ್ಲದ ಪುಸ್ತಕದಿಂದ ಇಂಗ್ಲಿಷ್ ಹೇಗಮ್ಮಾ ಕಲಿಸುತ್ತೀ?’ ನ್ಯಾಯವಾದ ಪ್ರಶ್ನೆ. ಉತ್ತರ ನನಗೂ ಗೊತ್ತಿರಲಿಲ್ಲ. ಕಲಿಸಿದವನು ಐದನೆಯ ತರಗತಿಯ ಒಬ್ಬ ಹುಡುಗ.

ಅವನ ಕತೆಯನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಸಹಿಸಿಕೊಳ್ಳಿ. ಅಪ್ಪ ಕ್ಯಾಂಟೀನಿನಲ್ಲಿ ಅಡುಗೆಯವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಗಲ್ಲಿಯ ಕ್ರಿಕೆಟ್ಟಿನಲ್ಲಿ ಹಿಂದಿ, ಬಸ್ಸಿನ ಕಂಡಕ್ಟರರೊಡನೆ ಮರಾಠಿ. ಹತ್ತು ವರ್ಷಕ್ಕೆ ನಾಲ್ಕು ಭಾಷೆ! ನಾನು ಧಾರವಾಡದ ಕಡೆಯವಳು. ಮೂವತ್ತು ವರ್ಷ ಉಡುಪಿ ಹೋಟೆಲುಗಳ ಇಡ್ಲಿ ತಿಂದರೂ ತುಳು ಬಂದಿಲ್ಲ. ಅಂಥ ಹುಡುಗ ಇಂಗ್ಲಿಷ್ ಪೀರಿಯಡ್ ಬಂದರೆ ಮೂಗ. ಆ ದಿನ ನಾಯಿ ಜಾಡಿಯೊಳಗೆ ತಲೆ ತೂರಿಸಿ ಸಿಕ್ಕಿಹಾಕಿಕೊಂಡ ಚಿತ್ರ ತೋರಿಸುತ್ತಿದ್ದೆ. ಅವನು ಕೈಯನ್ನೂ ಎತ್ತಲಿಲ್ಲ, ಎದ್ದೇ ನಿಂತ. ‘ಡಾಗ್ ವೇರ್ ಹೆಲ್ಮೆಟ್’ ಎಂದ.

ತರಗತಿ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ. ನಾನೇನು ಮಾಡಿದೆ? ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಬರೆದೆ: ‘ದ ಡಾಗ್ ಈಸ್ ವೇರಿಂಗ್ ಎ ಹೆಲ್ಮೆಟ್.’ ‘ಐದು ಸಲ ಹೇಳು’ ಎಂದೆ. ಹೇಳಿದ. ಕೂತ. ಆಮೇಲೆ ಒಂದು ವಾರ ಅವನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಅಷ್ಟು ಚೆಂದದ ಮಾತನ್ನು ನಾನು ಕಾಪಿ ಬರಹ ಮಾಡಿಬಿಟ್ಟಿದ್ದೆ.

ಮುಂದಿನ ವಾರ ಕಿಟಕಿಯ ಚಿತ್ರ ಬಂತು. ನಾಯಿ ಜಾಡಿಯ ಸಮೇತ ಕೆಳಗೆ ಬೀಳುತ್ತದೆ, ಜಾಡಿ ಒಡೆಯುತ್ತದೆ, ನಾಯಿಗೆ ಏನೂ ಆಗುವುದಿಲ್ಲ. ನಾನು ಸೀಮೆಸುಣ್ಣವನ್ನು ಮೇಜಿನ ಖಾನೆಯಲ್ಲಿ ಹಾಕಿ ಮುಚ್ಚಿದೆ. ಕೈ ಸುಮ್ಮನಿರುವುದಿಲ್ಲವೆಂದು ಗೊತ್ತಿತ್ತು. ‘ಮೊದಲು ನಿಮ್ಮ ನಿಮ್ಮ ಮನೆಯ ಮಾತಿನಲ್ಲೇ ಹೇಳಿ’ ಎಂದೆ. ಅವನು ಪಕ್ಕದವನಿಗೆ ತುಳುವಿನಲ್ಲಿ ಏನೋ ಹೇಳಿದ, ಕೈಯಲ್ಲಿ ಬೀಳುವ ಅಭಿನಯ ಮಾಡಿದ. ನನಗೆ ಅರ್ಧ ತಿಳಿಯಿತು. ಮತ್ತೆ ತಾನಾಗಿಯೇ ಈ ಕಡೆ ತಿರುಗಿ, ಒಂದೊಂದಾಗಿ ಇಟ್ಟ: ‘ಡಾಗ್ ಫಾಲ್. ಹೆಲ್ಮೆಟ್ ಬ್ರೋಕ್. ಡಾಗ್ ನಾಟ್ ಬ್ರೋಕ್.’

ವ್ಯಾಕರಣದವರು ಕ್ಷಮಿಸಬೇಕು, ಆ ಮೂರನೆಯ ವಾಕ್ಯವನ್ನು ತಿದ್ದುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ನಾನು ಹೇಳಬೇಕಾದದ್ದು ಇದೊಂದೇ: ಮೊದಲು ಕತೆ, ಆಮೇಲೆ ಇಂಗ್ಲಿಷ್. ಹೇಳಲು ಏನಾದರೂ ಇದ್ದವನಿಗೆ ಪದ ಬೇಕಾಗುತ್ತದೆ. ಏನೂ ಇಲ್ಲದವನಿಗೆ ಪದ ಕೊಟ್ಟರೆ ಅವನು ಅದನ್ನು ಪರೀಕ್ಷೆಗೆ ಕಟ್ಟಿಟ್ಟುಕೊಳ್ಳುತ್ತಾನೆ.

ಈಗ ಚಟುವಟಿಕೆ. ಮೊದಲನೆಯದು, ಮುಂದಿನ ಪುಟ ಮುಚ್ಚಿಡುವುದು. ಹುಡುಗ ಬಂಡೆಯ ಮೇಲೆ ಹತ್ತಿ ಎರಡು ಕೊಂಬೆ ಹಿಡಿದು ಕಪ್ಪೆಯನ್ನು ಕೂಗುತ್ತಿದ್ದಾನೆ. ಅಲ್ಲಿ ನಿಲ್ಲಿಸಿ. ‘ವಾಟ್ ನೆಕ್ಸ್ಟ್?’ ಎಂದಷ್ಟೇ ಕೇಳಿ. ನಲವತ್ತೆಂಟು ಮಕ್ಕಳನ್ನು ಆ ಹೊತ್ತಿನಲ್ಲಿ ಕೂರಿಸುವುದು ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಪುಟ ತಿರುಗಿಸಿದರೆ ಅದು ಮರದ ಕೊಂಬೆಯಲ್ಲ, ಜಿಂಕೆಯ ಕೊಂಬು! ಆಗ ಎದ್ದ ಕೂಗಾಟಕ್ಕೆ ಪಕ್ಕದ ತರಗತಿಯವರು ದೂರು ಕೊಟ್ಟರು. ಕೂಗಾಟದಲ್ಲಿ ಅರ್ಧ ಇಂಗ್ಲಿಷ್ ಇತ್ತು ಎನ್ನುವುದನ್ನು ಯಾರೂ ಗಮನಿಸಲಿಲ್ಲ.

ಎರಡನೆಯದು ಕಪ್ಪೆ ಹುಡುಕುವ ಆಟ. ಬೂಟಿನ ಒಳಗೆ ಇದೆಯೇ, ಮರದ ಹಿಂದೆ ಇದೆಯೇ? ಇಲ್ಲಿ ನಮ್ಮ ಮಕ್ಕಳು ಎಡವುತ್ತಾರೆ, ‘ಬೂಟ್ ಇನ್’ ಎನ್ನುತ್ತಾರೆ. ಅದು ದಡ್ಡತನವಲ್ಲ. ಕನ್ನಡದಲ್ಲಿ ಮೊದಲು ಬೂಟು, ಆಮೇಲೆ ಒಳಗೆ. ಇಂಗ್ಲಿಷಿನಲ್ಲಿ ಮೊದಲು ಒಳಗೆ, ಆಮೇಲೆ ಬೂಟು. ಆ ಮಗು ಇಂಗ್ಲಿಷ್ ಪದಗಳಲ್ಲಿ ಅಚ್ಚುಕಟ್ಟಾದ ಕನ್ನಡ ಮಾತನಾಡುತ್ತಿದೆ. ತರಗತಿಯ ಒಂದು ಚಪ್ಪಲಿ, ಒಂದು ಕಾಗದದ ಕಪ್ಪೆ ಇಟ್ಟುಕೊಂಡು ಆಡಿಸಿ, ವಾರದಲ್ಲಿ ಮಾತು ತಿರುಗುತ್ತದೆ.

ಇದೇ ಪುಸ್ತಕವನ್ನು ಭಾಷಾವಿಜ್ಞಾನಿಗಳೂ ಬಿಟ್ಟಿಲ್ಲ. ರೂತ್ ಬರ್ಮನ್, ಡ್ಯಾನ್ ಸ್ಲೋಬಿನ್ ಇಬ್ಬರೂ ಸೇರಿ 1994ರಲ್ಲಿ ಪ್ರಕಟಿಸಿದ ದಪ್ಪ ಗ್ರಂಥವೊಂದು ಈ ಕಪ್ಪೆಯ ಬೆನ್ನು ಹತ್ತಿದ್ದೇ. ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್, ಹೀಬ್ರೂ, ತುರ್ಕಿ ಈ ಐದು ಭಾಷೆಗಳಲ್ಲಿ, ಮೂರು ವರ್ಷದ ಮಕ್ಕಳಿಂದ ದೊಡ್ಡವರವರೆಗೆ, ಎಲ್ಲರಿಂದಲೂ ಇದೇ ಕತೆ ಹೇಳಿಸಿದರು. ಚಿತ್ರ ಒಂದೇ, ಆದರೆ ಒಂದೊಂದು ಭಾಷೆಯವರೂ ಹೇಳುವ ರೀತಿ ಬೇರೆ. ಬೀಳುವ ಮಾತು ಬಂದರೆ ಇಂಗ್ಲಿಷಿನವರು ಒಂದೇ ಕ್ರಿಯಾಪದಕ್ಕೆ ‘ಡೌನ್’, ‘ಆಫ್’, ‘ಇನ್‌ಟು’ ಎಂದು ಬಾಲದ ಮೇಲೆ ಬಾಲ ಕಟ್ಟುತ್ತಾರೆ. ನಮ್ಮ ಪಠ್ಯಪುಸ್ತಕ ಕಲಿಸಲು ಒದ್ದಾಡುವುದು ಆ ಬಾಲಗಳನ್ನೇ.

ಮೂರನೆಯದು ಸದ್ದು. ಕನ್ನಡದ ನಾಯಿ ಬೌ ಬೌ, ಇಂಗ್ಲಿಷ್ ನಾಯಿ ವೂಫ್. ನಮ್ಮ ಕಪ್ಪೆ ವಟವಟ, ಅವರದು ಕ್ರೋಕ್. ಜೇನುನೊಣಕ್ಕೆ ಒಂದು ಸಾಲು, ಗೂಬೆಗೆ ಒಂದು ಸಾಲು ಹಂಚಿಬಿಡಿ. ನಾಲ್ಕನೆಯದು ಚೀಟಿ: ನಾಯಿ ಏನು ಹೇಳುತ್ತಿದೆ, ಬರೆದು ಅದರ ಬಾಯಿಯ ಪಕ್ಕ ಅಂಟಿಸುವುದು. ಸ್ಪೆಲ್ಲಿಂಗ್ ತಪ್ಪಿರುತ್ತದೆ. ಇರಲಿ. ಮೊದಲು ಕತೆ, ಆಮೇಲೆ... ಸರಿ, ನೀವೇ ಹೇಳುತ್ತಿದ್ದೀರಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನೊಂದು ವಿಷಯ ಹೇಳಲೇಬೇಕು. ಇಟಲಿಯ ಲ್ಯಾಂಪೆಡೂಸಾ ದ್ವೀಪಕ್ಕೆ ಆಫ್ರಿಕಾ, ಪಶ್ಚಿಮ ಏಷ್ಯಾಗಳಿಂದ ದೋಣಿಗಳಲ್ಲಿ ನಿರಾಶ್ರಿತರು ಬಂದಿಳಿಯುತ್ತಿದ್ದಾಗ, ಇಬ್ಬಿ ಎಂಬ ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ಮಂಡಳಿ 2012ರಲ್ಲಿ ಅಲ್ಲಿಗಾಗಿ ಹಲವು ದೇಶಗಳಿಂದ ಇಂಥ ಮಾತಿಲ್ಲದ ಪುಸ್ತಕಗಳನ್ನೇ ಕೂಡಿಸತೊಡಗಿತು. ಊರಿನ ಮಕ್ಕಳೂ ಬಂದಿಳಿದ ಮಕ್ಕಳೂ ಒಟ್ಟಿಗೆ ನೋಡಬಹುದಲ್ಲ! ನಮ್ಮ ಮುಂಬಯಿಯನ್ನೇ ನೋಡಿ. ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ನಾವು ಒಂದು ಸಲ ಪಕ್ಕದ ಉರ್ದು ಮಾಧ್ಯಮದ ಐದನೆಯ ತರಗತಿಯನ್ನು ಕರೆದು ಒಟ್ಟಿಗೆ ಕೂರಿಸಿದೆವು. ಜಿಂಕೆಯ ಪುಟ ಬಂದಾಗ ನಮ್ಮ ಮಕ್ಕಳು ಅವರಿಗೆ ಗುಟ್ಟು ಬಿಟ್ಟುಕೊಡಲಿಲ್ಲ, ಬಾಯಿಗೆ ಕೈ ಇಟ್ಟುಕೊಂಡು ಕೂತಿದ್ದರು.

ಐದು, ಆರು ಬಿಡುತ್ತೇನೆ. ಏಳನೆಯದು ಮಾತ್ರ: ಒಂದು ಹಾಳೆಯನ್ನು ಮಡಚಿ ಎಂಟು ಪುಟ ಮಾಡಿ, ಮಕ್ಕಳೇ ಮಾತಿಲ್ಲದ ಪುಸ್ತಕ ಬರೆಯಲಿ. ಹೆಲ್ಮೆಟ್ಟಿನ ಹುಡುಗ ಬರೆದದ್ದು ಮಳೆಗಾಲದ ಲೋಕಲ್ ಟ್ರೈನು. ಹಳಿಯ ಮೇಲೆ ನೀರು, ಗಾಡಿ ನಿಂತಿದೆ, ಡಬ್ಬಿಯೊಳಗೆ ಒಂದು ಕಪ್ಪೆ ಹತ್ತಿಕೊಂಡಿದೆ. ಕೊನೆಯ ಪುಟದಲ್ಲಿ ಎಲ್ಲರೂ ಇಳಿದು ಹೋಗಿದ್ದಾರೆ, ಕಿಟಕಿಯ ಪಕ್ಕದ ಸೀಟು ಕಪ್ಪೆಗೆ ಸಿಕ್ಕಿದೆ.

ಚೆಂಡೆ ಕೇಳಿಸಿತು. ಪುಸ್ತಕವನ್ನು ಈ ಮೇಜಿನ ಮೇಲೆ ಇಟ್ಟಿರುತ್ತೇನೆ. ಆಟ ಮುಗಿಯುವವರೆಗೆ ನಾನು ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿರುತ್ತೇನೆ, ಬಂದು ನೋಡಿ. ಹೊಲಿಗೆ ಬಿಟ್ಟಿದೆ, ಪುಟ ಮೆಲ್ಲಗೆ ತಿರುಗಿಸಿ.