ಇರುವುದು ಕಣ್ಣಿಗೆ ಬೀಳಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಕೇಳುತ್ತಿರುವವರಿಗೆ, ದುಡಿದು ದಣಿದು ಮನೆ ಕಡೆ ಹೊರಟವರಿಗೆ, ಇವತ್ತು ನಾನು ಹೇಳುವುದು ಒಂದೇ ಮಾತು. ನಮ್ಮ ಹತ್ತಿರ ಇರುವುದು ಬೇಗ ಅಭ್ಯಾಸವಾಗಿಬಿಡುತ್ತದೆ. ಅಭ್ಯಾಸವಾದದ್ದು ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೇ ಬೀಳದ್ದು ಖುಷಿ ಕೊಡುವುದಾದರೂ ಹೇಗೆ?

ಮನಃಶಾಸ್ತ್ರ ಪಾಠ ಮಾಡುವ ನನ್ನನ್ನು ಎಲ್ಲರೂ ಕೇಳುತ್ತಾರೆ, "ದುಡ್ಡು ಜಾಸ್ತಿ ಬಂದ್ರೆ ಖುಷಿಯೂ ಜಾಸ್ತಿ ಆಗುತ್ತೆ, ಅಲ್ವಾ ಮೇಡಂ?" ಅಂತ. 1978ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಸಂಶೋಧಕರು ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದ 22 ಜನರನ್ನು ಮಾತಾಡಿಸಿದರು. ಲಾಟರಿ ಹೊಡೆಯದ 22 ಜನರನ್ನೂ ಕೇಳಿದರು. ಗೆದ್ದವರ ಖುಷಿ ಹೇಳಿಕೊಳ್ಳುವಷ್ಟು ಹೆಚ್ಚೇನೂ ಇರಲಿಲ್ಲ. ಸ್ನೇಹಿತರ ಜೊತೆ ಹರಟೆ, ಬೆಳಗಿನ ತಿಂಡಿ, ಒಂದು ತಮಾಷೆ ಮಾತು, ಇಂಥ ದಿನನಿತ್ಯದ ಸಂಗತಿಗಳಲ್ಲಂತೂ ಉಳಿದವರಿಗಿಂತ ಕಡಿಮೆಯೇ ಇತ್ತು.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಹೇಳಲೇಬೇಕು. ನನ್ನ ಪರಿಚಯದ ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಒಂದು ಮನೆ ಕಟ್ಟಿಸಿದರು. ಆಕೆಯ ಆಸೆ ಒಂದೇ, ಸಂಜೆ ಕೂರೋಕೆ ಒಂದು ತಾರಸಿ. ಹೊಸದರಲ್ಲಿ ದಿನಾ ಇಬ್ಬರೂ ಅಲ್ಲಿ ಕೂತು ಕತ್ತಲಾಗುವವರೆಗೆ ಮಾತಾಡುತ್ತಿದ್ದರು. ಆಮೇಲೆ ಅದು ವಾರಕ್ಕೊಮ್ಮೆ ಆಯಿತು. ಆಮೇಲೆ ಬಟ್ಟೆ ಒಣಹಾಕೋಕೆ ಮಾತ್ರ. ಒಂದು ದಿನ ಆಕೆ ನನ್ನ ಹತ್ತಿರ, "ಇನ್ನೊಂದು ಅಂತಸ್ತು ಹಾಕಿಸಿದ್ರೆ ಮನಸ್ಸಿಗೆ ಸಮಾಧಾನ ಆಗುತ್ತೇನೋ" ಅಂದರು. ನಾನು ಉತ್ತರ ಹೇಳುವ ಮೊದಲೇ ಅವರ ಬಾಲ್ಯದ ಗೆಳತಿ ಅವರ ಮನೆಗೆ ಉಳಿಯಲು ಬಂದರು. ಮನೆ ತೋರಿಸುತ್ತಾ ಗೆಳತಿಯನ್ನು ಮೇಲಕ್ಕೆ ಕರೆದುಕೊಂಡು ಹೋಗಿದ್ದಾರೆ. ಗೆಳತಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ. "ಏನು ಗಾಳಿ ಕಣೇ! ನೀನು ದಿನಾ ಇಲ್ಲೇ ಇರ್ತೀಯೇನೋ?" ಅಂತ ಕೇಳಿದರಂತೆ. ಇವರಿಗೆ ಏನು ಹೇಳಬೇಕೋ ತೋಚಲಿಲ್ಲ. ಗೆಳತಿ ಇದ್ದಷ್ಟು ದಿನ ಸಂಜೆಯೆಲ್ಲ ಅಲ್ಲೇ. ಅವರು ಹೊರಟ ಮೇಲೂ ಗಂಡ ಹೆಂಡತಿ ಹತ್ತುವುದನ್ನು ಬಿಟ್ಟಿಲ್ಲ. ಇನ್ನೊಂದು ಅಂತಸ್ತಿನ ಮಾತು ಮತ್ತೆ ಬಂದಿಲ್ಲ. ಗಾಳಿ ಅದೇ, ತಾರಸಿ ಅದೇ. ಮೊದಲ ಸಲ ಬಂದವರ ಕಣ್ಣಿನಿಂದ ನೋಡಿದರು, ಅಷ್ಟೇ.

ಇದನ್ನೇ ನೀವೂ ಮಾಡಿ. ಮನೆಗೆ ಹೊಸಬರು ಬಂದಿದ್ದಾರೆ, ಅವರಿಗೆ ಎಲ್ಲ ತೋರಿಸುತ್ತಿದ್ದೀನಿ ಅಂದುಕೊಂಡು ಒಂದು ಸುತ್ತು ಹಾಕಿ.

ಇನ್ನೊಂದು ದಾರಿ, ಇಷ್ಟವಾದದ್ದನ್ನು ಕೆಲವು ದಿನ ಬಿಟ್ಟಿರುವುದು. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವಾರ ಪೂರ್ತಿ ಚಾಕೊಲೇಟ್ ಮುಟ್ಟಬೇಡಿ ಅಂತ ಒಂದು ಗುಂಪಿಗೆ ಹೇಳಿದರು. ಇನ್ನೊಂದು ಗುಂಪಿಗೆ ಕೈತುಂಬ ಕೊಟ್ಟು ಕಳಿಸಿದರು. ವಾರದ ನಂತರ ಮತ್ತೆ ಚಾಕೊಲೇಟ್ ಕೊಟ್ಟಾಗ ಹೆಚ್ಚು ಸವಿದವರು ಯಾರು ಗೊತ್ತೇ? ಬಿಟ್ಟಿದ್ದವರು. ಅಭ್ಯಾಸ ತಪ್ಪಿತು, ರುಚಿ ಮರಳಿತು.

ಆದರೆ ಮನಸ್ಸೇ ಅಲ್ಲಿಲ್ಲದಿದ್ದರೆ ಇದ್ಯಾವುದೂ ನಡೆಯುವುದಿಲ್ಲ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 2,250 ಜನರಿಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಫೋನಿನಲ್ಲೇ ಪ್ರಶ್ನೆ ಕಳಿಸಿ ನೋಡಿದರು. ಹೆಚ್ಚುಕಡಿಮೆ ಅರ್ಧ ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸ ಬಿಟ್ಟು ಬೇರೆಲ್ಲೋ ಇತ್ತು. ಹಾಗೆ ಅಲೆಯುವಾಗ ಖುಷಿಯೂ ಕಡಿಮೆ ಇತ್ತು. ಮಗು ಶಾಲೆಯ ಕಥೆ ಹೇಳುವಾಗ ಫೋನ್ ನೋಡುತ್ತಾ ಸುಮ್ನೆ "ಹೂಂ" ಅನ್ನಬೇಡಿ, ದಯವಿಟ್ಟು. ಎಷ್ಟು ಹೇಳಿದರೂ ಜನ "ಒಂದೇ ನಿಮಿಷ" ಅನ್ನುತ್ತಾರೆ. ಆ ನಿಮಿಷದಲ್ಲಿ ಮಗು ಎದ್ದು ಹೋಗಿರುತ್ತದೆ.

ಸಮಯ ಮುಗಿಯುತ್ತಾ ಬಂತು. ಬೇರೆಯವರಿಗಾಗಿ ಸ್ವಲ್ಪ ಖರ್ಚು ಮಾಡಿದರೆ ನಮಗೇ ಖುಷಿ ಹೆಚ್ಚು ಅನ್ನುವ ವಿಷಯವನ್ನು ವಿವರವಾಗಿ ಹೇಳಬೇಕೆಂದಿದ್ದೆ. ಒಮ್ಮೆ ಮಾಡಿ ನೋಡಿ, ಗೊತ್ತಾಗುತ್ತದೆ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಈ ದಿನ ಚೆನ್ನಾಗಿದ್ದ ಮೂರು ಸಂಗತಿಗಳನ್ನು ಬರೆಯಿರಿ. ಆರೋಗ್ಯ, ಕುಟುಂಬ ಅಂತ ದೊಡ್ಡ ಮಾತು ಬೇಡ. ಯಾರು ಏನಂದರು, ದಾರಿಯಲ್ಲಿ ಏನು ಕಂಡಿತು, ಅಷ್ಟು ಚಿಕ್ಕದು ಸಾಕು. ಮೊದಲ ದಿನ ಏನೂ ಹೊಳೆಯದಿದ್ದರೆ ಬಿಟ್ಟುಬಿಡಬೇಡಿ, ಒಂದು ವಾರ ಬರೆಯಿರಿ. ನಮಸ್ಕಾರ.