ಆ ಬಕೆಟ್ ಪಕ್ಕಕ್ಕಿಡಿ, ಸ್ವಾಮಿ

ನಮಸ್ಕಾರ ಗೆಳೆಯರೇ. ಹಳೆಯ ವಿಲ್ಲೀಸ್ ಜೀಪು ಕಳಚುವ ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: ‘ನಟ್ಟು ಬೋಲ್ಟಿಗೆಲ್ಲ ಚೀಟಿ ಕಟ್ಟುತ್ತ ಕೂರುವುದೇಕೆ? ನಾನಾಗಿದ್ದರೆ ಎರಡು ದಿನದಲ್ಲಿ ಬಿಚ್ಚಿ ಬಕೆಟ್ಟಿಗೆ ಸುರಿಯುತ್ತಿದ್ದೆ.’ ಮೂರು ದಿನವಾಯಿತು, ಆ ಬಕೆಟ್ ನನ್ನ ತಲೆಯಿಂದ ಇಳಿದಿಲ್ಲ.

ಬಿಚ್ಚಿದ್ದಕ್ಕೆಲ್ಲ ಚೀಟಿ ಕಟ್ಟಬೇಕು. ನನ್ನ ಮಾತು ಇಷ್ಟೇ.

ಈ ಜೀಪನ್ನು 1941ರಿಂದ 1945ರವರೆಗೆ ವಿಲ್ಲೀಸ್ ಕಂಪನಿಯ ಜೊತೆಗೆ ಫೋರ್ಡ್ ಕೂಡ ತಯಾರಿಸಿತು. ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೆ ‘ಎಫ್’ ಅಕ್ಷರ ಒತ್ತುತ್ತಿತ್ತು. ಮೊನ್ನೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದು ಬೋಲ್ಟನ್ನು ಉಜ್ಜುತ್ತಿದ್ದೆ. ಕಪ್ಪು ಜಿಡ್ಡು ಬಿಟ್ಟುಕೊಂಡಿತು, ಹೆಬ್ಬೆರಳಿನಡಿಯಲ್ಲಿ ಆ ಅಕ್ಷರ ತಡೆಯಿತು. ಅದು ಎಲ್ಲಿಂದ ಬಂತೆಂದು ಬಕೆಟ್ ಹೇಳುತ್ತದೆಯೇ?

‘ಫೋಟೊ ತೆಗೆದರೆ ಸಾಕಲ್ಲ’ ಎನ್ನುತ್ತಾರೆ. ಸಾಲದು! ಮುಂದಿನ ಆಕ್ಸಲ್‌ನ ಎರಡೂ ತುದಿಯಲ್ಲಿ, ಚಕ್ರ ತಿರುಗಿಸುವ ಕೀಲಿನ ಮೇಲೂ ಕೆಳಗೂ ಶಿಮ್‌ಗಳು, ಅಂದರೆ ಸಂದು ಸರಿಹೊಂದಿಸುವ ಕಾಗದದಷ್ಟು ತೆಳುವಾದ ಲೋಹದ ಬಿಲ್ಲೆಗಳಿರುತ್ತವೆ. ಹೆಚ್ಚಾದರೆ ಬೇರಿಂಗ್ ಸಡಿಲ, ಮುಂದಿನ ಚಕ್ರ ನಡುಗುತ್ತದೆ. ಕಡಿಮೆಯಾದರೆ ಬಿಗಿ, ಸ್ಟೀರಿಂಗ್ ಕಲ್ಲಾಗುತ್ತದೆ. ಮೇಲಿನವು ಎಷ್ಟು, ಕೆಳಗಿನವು ಎಷ್ಟು ಎಂದು ಯಾವ ಫೋಟೊದಲ್ಲಿ ಎಣಿಸುತ್ತೀರಿ?

‘ಕೈಪಿಡಿ ಇದೆಯಲ್ಲ’ ಎನ್ನುವವರೂ ಇದ್ದಾರೆ. ಕೈಪಿಡಿ ಬರೆದದ್ದು ಹೊಸ ಗಾಡಿಗೆ. ನಿಮ್ಮೆದುರಿಗಿರುವುದು ಎಂಬತ್ತು ವರ್ಷ ಹತ್ತಾರು ಕೈಗಳು ರಿಪೇರಿ ಮಾಡಿದ ಗಾಡಿ.

ಎಂಜಿನ್ನಿನೊಳಗೆ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಕ್ಯಾಪ್‌ಗಳನ್ನಂತೂ ಕೇಳಲೇಬೇಡಿ. ಪ್ರತಿ ಕ್ಯಾಪ್ ಕೂಡ ತನ್ನ ರಾಡ್‌ಗೆ ಮಾತ್ರ ಸೇರಬೇಕು, ಅದೇ ಮುಖವಾಗಿ. ಅದಲುಬದಲಾದರೆ ರಂಧ್ರದ ದುಂಡು ಕೆಟ್ಟು ಬೇರಿಂಗ್ ಹಾಳು. ಎಡಗಡೆಯ ಚಕ್ರದ ನಟ್ಟುಗಳು ಉಲ್ಟಾ ತಿರುಗುವಂಥವು. ಅವೂ ಬಕೆಟ್ಟಿಗೇ ತಾನೇ?

ಒಮ್ಮೆ ಯಾರೋ ಬಿಚ್ಚಿ ಕೈಬಿಟ್ಟ ಜೀಪೊಂದು ಐದು ಗೋಣಿಚೀಲಗಳಲ್ಲಿ ನನ್ನ ಶೆಡ್ಡಿಗೆ ಬಂತು. ಚೀಲ ಸುರಿದಾಗ ಅಳುವೇ ಬಂತು. ಸದ್ದಿಲ್ಲದೆ ಓಡುತ್ತಿದ್ದ ಗಾಡಿಯನ್ನು ಗುಜರಿ ಮಾಡಿದ್ದು ತುಕ್ಕಲ್ಲ, ಅವಸರ. ಆ ಸಂಚಿಕೆ ನಮ್ಮ ಚಾನೆಲ್‌ನಲ್ಲಿದೆ, ದಯವಿಟ್ಟು ನೋಡಿ. ಹಾಗೇ ಚಂದಾದಾರರಾಗಿ, ಗಂಟೆಯ ಗುರುತನ್ನೂ ಒತ್ತಿ.

ಚೀಟಿ ಕಟ್ಟಿ! ಡಬ್ಬಿಗೊಂದು, ಬೋಲ್ಟಿಗೊಂದು, ವಾಷರಿಗೂ ಒಂದು. ಹೊತ್ತಾಗುತ್ತದೆಯೇ? ಆಗಲಿ. ಬೇಸರವೇ? ಆಗಲಿ, ಕಟ್ಟಿ!

ಮುಂದಿನ ವಾರ ಗೇರ್‌ಬಾಕ್ಸ್ ಇಳಿಸುತ್ತೇನೆ. ಬಕೆಟ್ ಸ್ವಾಮಿಗಳೇ, ನೀವೂ ಬನ್ನಿ. ಸ್ಪ್ಯಾನರ್ ಆಮೇಲೆ, ಮೊದಲು ಕೈಗೆ ಪೆನ್ನು ಕೊಡುತ್ತೇನೆ.