ಪುಹೋಲ್ಸ್, ಮೊಲಿನಾ: ಎದ್ದು ನಿಂತು ಕಳಿಸಿಕೊಡೋಣ

ಕೇಳುಗರಿಗೆಲ್ಲ ನಮಸ್ಕಾರ. 2022ರ ಬೇಸ್‌ಬಾಲ್ ಮುಗಿಯಿತು. ನಮ್ಮ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪಾಲಿಗಂತೂ ಅಕ್ಟೋಬರ್ 8ಕ್ಕೇ ಮುಗಿದಿತ್ತು. ಫಿಲಡೆಲ್ಫಿಯಾದವರು ನಮ್ಮ ಮೈದಾನಕ್ಕೇ ಬಂದು ಎರಡು ಆಟ ಗೆದ್ದು ಹೋದರು. ಮೊದಲ ಆಟದಲ್ಲಿ ನಾವು 2-0 ಮುಂದಿದ್ದೆವು. ಬೇಸ್‌ಬಾಲ್‌ನಲ್ಲಿ ಒಂದು ಆಟಕ್ಕೆ ಒಂಬತ್ತು ಇನ್ನಿಂಗ್ಸ್; ಕೊನೆಯದರಲ್ಲಿ ಆರು ರನ್ ಬಿಟ್ಟುಕೊಟ್ಟೆವು. ಆ ಸೋಲಿನ ಬಗ್ಗೆ ಬೇಕಾದಷ್ಟು ಜನ ಮಾತಾಡಿದ್ದಾರೆ, ನಾನು ಮಾತಾಡುವುದಿಲ್ಲ. ನನಗೆ ಇವತ್ತು ಹೇಳಬೇಕಾಗಿರುವುದು ಒಂದೇ ಮಾತು. ಆಟ ಬಿಟ್ಟು ಹೋಗುವವರನ್ನು ನಾವು ಎದ್ದು ನಿಂತು ಕಳಿಸಿಕೊಡಬೇಕು.

2022ರಲ್ಲಿ ಹೀಗೆ ಹೋದವರು ಇಬ್ಬರು. ಆಲ್ಬರ್ಟ್ ಪುಹೋಲ್ಸ್ ಮತ್ತು ಯಾಡಿಯರ್ ಮೊಲಿನಾ. ಊರಿನಿಂದ ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರೂ ಈ ಕಾರ್ಯಕ್ರಮ ಕೇಳುತ್ತೀರಿ ಅಂತ ನನಗೆ ಗೊತ್ತು. ಈ ಆಟ ಅರ್ಥವಾಗಲ್ಲಪ್ಪ ಅಂತ ಟಿವಿ ಆರಿಸಬೇಡಿ. ಪುಹೋಲ್ಸ್ ಚೆಂಡನ್ನು ಬೇಲಿಯಾಚೆ ಹೊಡೆಯುವವರು. ಹಾಗೆ ಹೊಡೆದರೆ ಅದು ಹೋಮ್ ರನ್. ಮೊಲಿನಾ ಕ್ಯಾಚರ್. ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ ಅಂದುಕೊಳ್ಳಿ. ಆದರೆ ಎಸೆಯುವವನು ಮುಂದಿನ ಚೆಂಡು ಹೇಗೆ ಎಸೆಯಬೇಕು ಅಂತ ಕೂತಲ್ಲಿಂದಲೇ ಸನ್ನೆ ಮಾಡುವವನೂ ಇವನೇ. ಇಷ್ಟು ಗೊತ್ತಿದ್ದರೆ ಸಾಕು.

ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹುಟ್ಟಿದ ಪುಹೋಲ್ಸ್, ಹುಡುಗನಾಗಿದ್ದಾಗ ಮಿಸೌರಿಗೆ ಬಂದವರು. 1999ರಲ್ಲಿ ತಂಡಗಳು ಹೊಸ ಹುಡುಗರನ್ನು ಆರಿಸಿಕೊಂಡಾಗ ಇವರ ಸರದಿ ಬಂದಿದ್ದು 402ನೆಯದಾಗಿ. 401 ಹುಡುಗರು ಇವರಿಗಿಂತ ಮೇಲು ಅಂತ ಲೆಕ್ಕ ಹಾಕಿದ್ದರು! 2001ರಲ್ಲಿ ಮೈದಾನಕ್ಕಿಳಿದ ಮೊದಲ ವರ್ಷವೇ 37 ಹೋಮ್ ರನ್ ಹೊಡೆದರು. ನಮಗೆ 2006ರಲ್ಲಿ, ಮತ್ತೆ 2011ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಬೇಸ್‌ಬಾಲ್ ವರ್ಷದ ಅಂತಿಮ ಸರಣಿ, ಗೆದ್ದುಕೊಟ್ಟರು. ಗೆದ್ದ ಕೆಲವೇ ವಾರಗಳಲ್ಲಿ ಲಾಸ್ ಏಂಜಲೀಸ್ ಕಡೆಯ ಏಂಜಲ್ಸ್ ತಂಡಕ್ಕೆ ಹೊರಟುಹೋದರು. ಹತ್ತು ವರ್ಷಕ್ಕೆ ಸುಮಾರು 24 ಕೋಟಿ ಡಾಲರ್.

ಆಗ ಈ ಊರಿನಲ್ಲಿ ಎಷ್ಟು ಸಿಟ್ಟಿತ್ತು ಅಂತೀರಿ! ದುಡ್ಡಿಗಾಗಿ ಬಿಟ್ಟುಹೋದ ಅಂದವರೇ ಎಲ್ಲ. ನನಗೆ ಈ ಮಾತು ಕೇಳಿದರೆ ಈಗಲೂ ಸಹನೆ ಉಳಿಯುವುದಿಲ್ಲ. ಹನ್ನೊಂದು ವರ್ಷ ದುಡಿದ ಮನುಷ್ಯ ಬೇರೆ ಕಡೆ ಒಳ್ಳೆ ಸಂಬಳ ಸಿಕ್ಕಿತು ಅಂತ ಹೋದರು. ನಮ್ಮಲ್ಲಿ ಯಾರು ಹೋಗಿಲ್ಲ? ಊರು ಬಿಟ್ಟು ಇಷ್ಟು ದೂರ ಬಂದಿರುವ ನಾವೇ ಆ ಮಾತು ಆಡಬಹುದಾ?

2019ರ ಜೂನ್ ಕಥೆ ಹೇಳಲೇಬೇಕು. ಬಿಟ್ಟುಹೋದ ಮೇಲೆ ಪುಹೋಲ್ಸ್ ಮೊದಲ ಸಲ ನಮ್ಮ ಮೈದಾನ ಬುಶ್ ಸ್ಟೇಡಿಯಂಗೆ ವಾಪಸ್ ಬಂದಿದ್ದು ಆಗಲೇ, ಎದುರಾಳಿ ತಂಡದ ಅಂಗಿ ಹಾಕಿಕೊಂಡು. ನಾನು ಮೊದಲನೇ ಬೇಸ್ ಕಡೆಯ ಮೇಲಿನ ಸಾಲಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ವಯಸ್ಸಾದ ಒಬ್ಬರು ಮೊಣಕಾಲ ಮೇಲೆ ಸ್ಕೋರ್ ಹಾಳೆ ಇಟ್ಟುಕೊಂಡು, ಪ್ರತಿ ಚೆಂಡನ್ನೂ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಇಲ್ಲಿನ ಹಳೆಯ ಅಭಿಮಾನಿಗಳ ಪದ್ಧತಿ ಅದು. ಎಂಟು ವರ್ಷದ ಹಿಂದೆ ಆ ಮನುಷ್ಯನ ಹೆಸರೆತ್ತಬೇಡ ಅಂತ ಮಗನಿಗೆ ಹೇಳಿದ್ದೆ ಅಂತ ಅವರೇ ನನ್ನ ಹತ್ತಿರ ಅಂದಿದ್ದರು. ಪುಹೋಲ್ಸ್ ಬ್ಯಾಟ್ ಹಿಡಿದು ಬಂದರು. ಇಡೀ ಸ್ಟೇಡಿಯಂ ಎದ್ದು ನಿಂತಿತು. ಪಕ್ಕದವರೂ ಎದ್ದರು. ಪೆನ್ಸಿಲ್ಲನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಚಪ್ಪಾಳೆ ಹೊಡೆದರು. ಹಾಳೆ ಕೆಳಗೆ ಬಿದ್ದು ಯಾರದೋ ಚೆಲ್ಲಿದ ಸೋಡಾದಲ್ಲಿ ನೆನೆಯುತ್ತಿತ್ತು, ಅವರು ನೋಡಲೂ ಇಲ್ಲ.

ಒಂದು ನಿಮಿಷ ದಾಟಿದರೂ ಚಪ್ಪಾಳೆ ನಿಲ್ಲಲಿಲ್ಲ. ಪುಹೋಲ್ಸ್ ಹೆಲ್ಮೆಟ್ ತೆಗೆದು ಜನರಿಗೆ ತಲೆಬಾಗಿದರು. ಆಗ ಬ್ಯಾಟ್ ಹಿಡಿದವರ ಬೆನ್ನ ಹಿಂದೆ, ಕ್ಯಾಚರ್ ಜಾಗದಲ್ಲಿ ಕೂತಿದ್ದವರು ಯಾರು? ನಮ್ಮ ಮೊಲಿನಾ. ಆಟ ಶುರುವಾಗಲಿ ಅಂತ ಅವಸರ ಮಾಡಲಿಲ್ಲ. ಹಳೆಯ ಗೆಳೆಯನನ್ನು ಅಪ್ಪಿಕೊಂಡರು. ಆ ಮೂರು ದಿನ ಪುಹೋಲ್ಸ್ ಬ್ಯಾಟ್ ಹಿಡಿದು ಬಂದಾಗಲೆಲ್ಲ ಜನ ಎದ್ದು ನಿಂತರು. ಶನಿವಾರ ಅವರು ನಮ್ಮ ವಿರುದ್ಧವೇ ಹೋಮ್ ರನ್ ಹೊಡೆದರು. ಆಗಲೂ ಜನ ಕೂರಲಿಲ್ಲ. ಆಟಗಾರರು ಕೂರುವ ಡಗ್‌ಔಟ್‌ನಿಂದ ಅವರು ಮತ್ತೆ ಹೊರಗೆ ಬಂದು ಕೈ ಬೀಸುವ ತನಕ ಬಿಡಲಿಲ್ಲ. ಎದುರಾಳಿಗೆ ಇಂಥ ಮರ್ಯಾದೆ! ನಾನು ಹೇಳುತ್ತಿರುವುದು ಇದನ್ನೇ. ಎದ್ದು ನಿಲ್ಲಬೇಕು.

ಸಮಯ ಓಡುತ್ತಿದೆ, ಮುಂದಕ್ಕೆ ಬರುತ್ತೇನೆ. 2022ರ ಮಾರ್ಚ್‌ನಲ್ಲಿ, 42ನೇ ವಯಸ್ಸಿನಲ್ಲಿ, ಪುಹೋಲ್ಸ್ ನಮ್ಮ ತಂಡಕ್ಕೇ ವಾಪಸ್ ಬಂದರು. ಸುಮ್ನೆ ಟಿಕೆಟ್ ಮಾರಲು ಕರೆಸಿದ್ದಾರೆ ಅಂದವರಿದ್ದರು. ಜುಲೈ ಮಧ್ಯದವರೆಗೆ ಹೊಡೆದಿದ್ದು ಬರೀ ಆರು ಹೋಮ್ ರನ್. ಅಲ್ಲಿಂದ ಮುಂದೆ ಹದಿನೆಂಟು! ಸೆಪ್ಟೆಂಬರ್ 23ರಂದು ಲಾಸ್ ಏಂಜಲೀಸ್‌ನಲ್ಲಿ ಒಂದೇ ರಾತ್ರಿ ತಮ್ಮ ಜೀವನದ 699 ಮತ್ತು 700ನೇ ಹೋಮ್ ರನ್. ಅವರಿಗಿಂತ ಮುಂಚೆ 700 ಮುಟ್ಟಿದವರು ಮೂರೇ ಜನ: ಬೇಬ್ ರೂತ್, ಹ್ಯಾಂಕ್ ಆರನ್, ಬ್ಯಾರಿ ಬಾಂಡ್ಸ್. ಕೊನೆಗೆ 703ಕ್ಕೆ ನಿಲ್ಲಿಸಿದರು.

ಮೊಲಿನಾ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಪೋರ್ಟೊ ರಿಕೊದವರು. ಅಣ್ಣಂದಿರಿಬ್ಬರೂ ಕ್ಯಾಚರ್‌ಗಳೇ, ಮೂವರ ಬೆರಳಲ್ಲೂ ವರ್ಲ್ಡ್ ಸೀರೀಸ್ ಗೆದ್ದವರಿಗೆ ಕೊಡುವ ಉಂಗುರ. ಹತ್ತೊಂಬತ್ತು ವರ್ಷ ಒಂದೇ ತಂಡ, ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಒಂಬತ್ತು ಸಲ. ಈ ಆಟದಲ್ಲಿ ಮೊಣಕಾಲು ಸವೆಯುವುದು ಕ್ಯಾಚರ್‌ಗೇ. ಹತ್ತೊಂಬತ್ತು ವರ್ಷ ಹಾಗೆ ಕುಕ್ಕರುಗಾಲಲ್ಲಿ ಕೂತು ನೋಡಿ, ಗೊತ್ತಾಗುತ್ತದೆ. ಹೊಡೆದವರ ಲೆಕ್ಕವನ್ನಷ್ಟೇ ಓದುವವರಿಗೆ ಮೊಲಿನಾ ಕಾಣುವುದೇ ಇಲ್ಲ. ಕಣ್ಣಿಟ್ಟು ನೋಡಿದವರಿಗೆ ಮಾತ್ರ ಕಾಣುತ್ತಾರೆ.

ಅಕ್ಟೋಬರ್ 2ರಂದು, ಲೀಗ್ ಹಂತದಲ್ಲಿ ನಮ್ಮೂರಿನ ಕೊನೆಯ ಆಟ. ಎಸೆಯಲು ಆಡಂ ವೈನ್‌ರೈಟ್, ಹಿಡಿಯಲು ಮೊಲಿನಾ. ಈ ಇಬ್ಬರು ಜೋಡಿಯಾಗಿ 328 ಆಟ ಶುರು ಮಾಡಿದ್ದಾರೆ, ಬೇರೆ ಯಾವ ಜೋಡಿಯೂ ಅಷ್ಟು ಮಾಡಿಲ್ಲ. ಜೊತೆಗೆ ಪುಹೋಲ್ಸ್. ಅವತ್ತೂ ಒಂದು ಹೋಮ್ ರನ್ ಹೊಡೆದರು. ಐದನೇ ಇನ್ನಿಂಗ್ಸ್‌ನಲ್ಲಿ ತಂಡವನ್ನು ಆಡಿಸುವ ಮ್ಯಾನೇಜರ್ ಆಲಿವರ್ ಮಾರ್ಮಲ್ ಮೂವರನ್ನೂ ಒಟ್ಟಿಗೇ ಹೊರಗೆ ಕರೆದರು. ಆಟ ಗೆಲ್ಲಲು ಮಾಡಿದ್ದಲ್ಲ ಅದು. ಜನ ಎದ್ದು ನಿಂತು ಕಳಿಸಿಕೊಡಲಿ ಅಂತಲೇ ಮಾಡಿದ್ದು. ಮಾರ್ಮಲ್‌ಗೆ ನನ್ನ ನಮಸ್ಕಾರ.

ನಮ್ಮ ರಾಹುಲ್ ದ್ರಾವಿಡ್‌ಗೆ ಇದು ಸಿಕ್ಕಿತಾ ಹೇಳಿ? ಅವರ ಕೊನೆಯ ಟೆಸ್ಟ್ 2012ರ ಜನವರಿಯಲ್ಲಿ ಅಡಿಲೇಡ್‌ನಲ್ಲಿ ಆಗಿಹೋಗಿತ್ತು. ವಿದಾಯ ಹೇಳಿದ್ದು ಮಾರ್ಚ್‌ನಲ್ಲಿ, ಬೆಂಗಳೂರಿನಲ್ಲಿ ಪತ್ರಕರ್ತರ ಮುಂದೆ. ಚಿನ್ನಸ್ವಾಮಿಯ ಗ್ಯಾಲರಿಗಳು ಎದ್ದು ನಿಲ್ಲುವ ಅವಕಾಶವೇ ಬರಲಿಲ್ಲ. ಅದು ಇವತ್ತಿಗೂ ನನಗೆ ಬೇಜಾರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸಿಕ್ಕಿದಾಗ ಎದ್ದು ನಿಲ್ಲಿ. ಪಾರ್ಕಿಂಗ್‌ನಲ್ಲಿ ನೂಕುನುಗ್ಗಲು ಆಗುತ್ತೆ ಅಂತ ಏಳನೇ ಇನ್ನಿಂಗ್ಸ್‌ಗೇ ಹೊರಡುವವರೇ, ದಯವಿಟ್ಟು ಹಾಗೆ ಮಾಡಬೇಡಿ. ಅಕ್ಟೋಬರ್ 8ರ ಆ ಕೊನೆಯ ಸೋಲಿನಲ್ಲಿ ಪುಹೋಲ್ಸ್ ಎಂಟನೇ ಇನ್ನಿಂಗ್ಸ್‌ನಲ್ಲಿ, ಮೊಲಿನಾ ಒಂಬತ್ತನೆಯದರಲ್ಲಿ ತಲಾ ಒಂದು ಸಿಂಗಲ್, ಅಂದರೆ ಮೊದಲನೇ ಬೇಸ್ ಮುಟ್ಟಿಸುವ ಹೊಡೆತ, ಹೊಡೆದರು. ಇಬ್ಬರ ಜೀವನದ ಕೊನೆಯ ಹೊಡೆತ. ಬೇಗ ಮನೆಗೆ ಹೋದವರಿಗೆ ಅದು ಸಿಗಲೇ ಇಲ್ಲ.

ವೈನ್‌ರೈಟ್ ಮಾತ್ರ ಇನ್ನೊಂದು ವರ್ಷ, 2023ರಲ್ಲೂ ಆಡಿದರು. 2022ರ ಕೊನೆಗೆ ಎಸೆಯುವವನಾಗಿ ಅವರ ಲೆಕ್ಕದಲ್ಲಿದ್ದ ಗೆಲುವು 195, 200ಕ್ಕೆ ಐದು ಬಾಕಿ ಇತ್ತು. ಬೇಸಿಗೆಯಲ್ಲಿ ಸೇಂಟ್ ಲೂಯಿಸ್ ಕಡೆ ಬಂದರೆ ಒಂದು ಆಟಕ್ಕೆ ಖಂಡಿತ ಹೋಗಿ, ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ. ನಮಸ್ಕಾರ.